ಮರಳು ಕೋಣೆಯ ನಲವತ್ತು ಪುಟ

ಹೊಲಿಗೆ ಮಿಷನ್ನು ಕೆಟ್ಟರೆ ಆ ಕೇರಿಯ ಹೆಂಗಸರು ಮೊದಲು ದೇವರನ್ನು ಬೈಯುತ್ತಿದ್ದರು, ಆಮೇಲೆ ಎಣ್ಣೆಮಾವನಿಗೆ ಹೇಳಿ ಕಳಿಸುತ್ತಿದ್ದರು. ಬಗಲಲ್ಲಿ ತಗಡಿನ ಪೆಟ್ಟಿಗೆ, ಕೈಯಲ್ಲಿ ಉದ್ದ ಮೂತಿಯ ಎಣ್ಣೆಬುಡ್ಡಿ, ಶರಟಿನ ಜೇಬಿನ ಮೇಲೆ ಯಾವ ಸೋಪಿಗೂ ಬಗ್ಗದ ಒಂದು ಕಲೆ, ಹೀಗೆ ಅವನು ಬರುತ್ತಿದ್ದ. ಬಂದವನು ಮಿಷನ್ನು ಮುಟ್ಟುವ ಮೊದಲು ಅದರ ಯಜಮಾನಿಯನ್ನು ಒಂದು ಸುತ್ತು ಗದರಬೇಕು. "ಇದೇನಮ್ಮಾ, ಮಿಷನ್ನಾ ಕಸದ ಡಬ್ಬಾನಾ? ಬಾಬಿನ್ ಕೆಳಗೆ ನೋಡು, ಒಂದು ದಿಂಬಿಗಾಗೋ ಅಷ್ಟು ಹತ್ತಿ ಇದೆ!" ಬೈಸಿಕೊಂಡವಳು ಟೀ ಇಡಲು ಒಳಗೆ ಹೋಗುತ್ತಿದ್ದಳು. ಅವಳು ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಮಿಷನ್ನು ಓಡುತ್ತಿರುತ್ತಿತ್ತು.

ಮೂವತ್ತೈದು ವರ್ಷ ಮಿಷನ್ನುಗಳ ಹೊಟ್ಟೆ ಬಿಚ್ಚಿ ನೋಡಿದವನಿಗೆ ಲೋಕದ ಬಗ್ಗೆ ಒಂದೇ ಒಂದು ಅಭಿಪ್ರಾಯ ಗಟ್ಟಿಯಾಗಿ ಉಳಿದಿತ್ತು. ಮುಟ್ಟಿದ್ದು ಸವೆಯುತ್ತದೆ, ಮುಚ್ಚಿಟ್ಟದ್ದು ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಬಟ್ಟೆಯ ಹೊದಿಕೆ ಹೊದಿಸದೆ ಅವನು ಜಾಗ ಬಿಟ್ಟವನಲ್ಲ. "ಮಗು ಮಲಗಿಸ್ದಂಗೆ ಮಲಗಿಸ್ತಾನೆ ನೋಡ್ರೇ" ಎಂದು ಹೆಂಗಸರು ನಗುತ್ತಿದ್ದರು. ಅವನಿಗೆ ಮಕ್ಕಳಿರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಯಾರದೋ ಮಿಷನ್ನು ಕೆಟ್ಟಿರುತ್ತಿತ್ತು, ಹಾಗೇ ಐವತ್ತೆಂಟು ಆಗಿಹೋಯಿತು. ಗಂಡನನ್ನು ಕಳೆದುಕೊಂಡ ತಂಗಿ ಮತ್ತು ಅವಳ ಒಬ್ಬಳೇ ಮಗಳು ಇದ್ದ ಎರಡು ಕೋಣೆಯ ಮನೆಯೇ ಅವನ ಮನೆ. ಆ ಹುಡುಗಿಯನ್ನು ಎಲ್ಲರೂ ಚೂಟಿ ಎನ್ನುತ್ತಿದ್ದರು; ಚಿಕ್ಕಂದಿನಲ್ಲಿ ಒಂದು ಕಡೆ ಕೂತವಳಲ್ಲ. ಅವಳು ಮಾವ ಎಂದದ್ದಕ್ಕೇ ಅವನು ಕೇರಿಗೆಲ್ಲ ಮಾವನಾದದ್ದು.

ತಂಗಿ ಕೆಲಸಕ್ಕಿದ್ದದ್ದು ಜೀನ್ಸ್ ಪ್ಯಾಂಟು ತೊಳೆಯುವ ಕಾರ್ಖಾನೆಯಲ್ಲಿ. ತೊಳೆಯುವುದು ಎಂದರೆ ಕೊಳೆ ತೆಗೆಯುವುದಲ್ಲ. ಹೊಚ್ಚ ಹೊಸ ಪ್ಯಾಂಟನ್ನು ತೊಡೆ, ಮಂಡಿಯ ಹತ್ತಿರ ಮಾಸಿದಂತೆ ಮಾಡಿ, ಹೊಸದಕ್ಕಿಂತ ದುಬಾರಿಗೆ ಮಾರುವುದು. ಹತ್ತು ವರ್ಷ ದುಡಿದವನ ಪ್ಯಾಂಟು ಹೇಗೆ ಕಾಣುತ್ತದೋ ಅಂಥದ್ದೇ, ಒಂದು ದಿನವೂ ದುಡಿಯದವನಿಗೆ ಬೇಕು. ಲೋಕವೇ ಹಾಗಿರುವಾಗ ಯಾರನ್ನು ಬೈಯೋಣ! ಇದಕ್ಕಾಗಿ ಅಲ್ಲಿ ಒಂದು ಕೋಣೆ, ಕೋಣೆಯೊಳಗೆ ಆರು ಪೈಪು, ಪೈಪಿನಿಂದ ರಭಸವಾಗಿ ಹಾರುವ ನುಣ್ಣನೆ ಮರಳು. ಮೂಗಿಗೆ ಕಟ್ಟಿಕೊಳ್ಳಲು ಕೊಡುತ್ತಿದ್ದದ್ದು ಅದೇ ಪ್ಯಾಂಟಿನ ಕತ್ತರಿಸಿ ಉಳಿದ ತುಂಡು. ಒಂದೆರಡು ವರ್ಷ ಅಲ್ಲಿ ನಿಂತವರ ಎದೆಯಲ್ಲಿ ಮರಳು ಮನೆ ಮಾಡುತ್ತಿತ್ತು. ಮೊದಲು ಒಣ ಕೆಮ್ಮು, ಆಮೇಲೆ ನಾಲ್ಕು ಮೆಟ್ಟಿಲು ಹತ್ತಲಾರದ ದಮ್ಮು, ಕೊನೆಗೆ ಕೂತಲ್ಲೇ ಉಸಿರಿಗೆ ಒದ್ದಾಡುವ ಸಾವು. ಇದಕ್ಕೆ ಗುಣವಾಗುವ ಮದ್ದಿಲ್ಲ. ಆಸ್ಪತ್ರೆಯವರ ಆರೈಕೆ, ಮನೆಯಲ್ಲೊಂದು ಆಕ್ಸಿಜನ್ ಯಂತ್ರ ಇದ್ದರೆ ವರ್ಷಗಳು ಸಿಗುತ್ತವೆ, ಇಲ್ಲದಿದ್ದರೆ ತಿಂಗಳುಗಳು.

ತಂಗಿ ಆ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹಾಜರಿ ಬರೆಯುವವಳು. ಕಂಪನಿಯ ರಿಜಿಸ್ಟರಿನಲ್ಲಿ ಎಲ್ಲರ ಮುಂದೆಯೂ 'ಪ್ಯಾಕಿಂಗ್' ಎಂದೇ ಬರೆಯಬೇಕೆಂದು ಮೇಲಿನವರ ಅಪ್ಪಣೆ. ಹಾಗೆಯೇ ಬರೆದಳು. ಆದರೆ ಮನೆಯಿಂದ ತಂದ ಇನ್ನೊಂದು ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಯಾರು, ಯಾವ ಪೈಪು, ಯಾವ ದಿನದಿಂದ ಯಾವ ದಿನದವರೆಗೆ, ಕೆಮ್ಮು ಯಾವಾಗಿನಿಂದ, ಬರುವುದು ನಿಂತದ್ದು ಯಾವಾಗ. ಒಬ್ಬೊಬ್ಬಳಿಗೆ ಒಂದೊಂದು ಪುಟ, ಒಟ್ಟು ನಲವತ್ತು. ಹದಿನೇಳನೇ ಪುಟ ಅವಳ ಮಗಳದ್ದೇ. ತಾಯಿ ಜಗಳವಾಡಿ ಬಿಡಿಸಿಕೊಂಡು ಬರುವ ಮೊದಲು ಚೂಟಿ ಮೂರನೇ ಪೈಪಿನಲ್ಲಿ ಹದಿನಾಲ್ಕು ತಿಂಗಳು ನಿಂತಿದ್ದಳು.

ಬಾಗಿಲಲ್ಲಿ ಕೂತವಳನ್ನೂ ಮರಳು ಬಿಡಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಅವಳು ಅಣ್ಣನ ಕೈ ಹಿಡಿದು ಹೇಳಿದಳು: "ಪುಸ್ತಕ ಹುಷಾರು ಅಣ್ಣಾ. ಮಗಳ ಪುಟ ಅದರಲ್ಲಿದೆ." ಅವಳು ಹೋದ ಆರು ತಿಂಗಳಿಗೆ ಚೂಟಿ ಕೆಮ್ಮತೊಡಗಿದಳು. ಅವಳಿಗೆ ಆಗ ಇಪ್ಪತ್ತೆರಡು.

ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಸತ್ತಿದ್ದರು, ಸುದ್ದಿ ಊರು ದಾಟಿತ್ತು. ಸರ್ಕಾರ ಒಂದು ಸಮಿತಿ ಮಾಡಿತು. ಮರಳು ಕೋಣೆಯಲ್ಲಿ ನಿಂತಿದ್ದೆವೆಂದು ತೋರಿಸಿದವರಿಗೆ ಬದುಕಿರುವವರೆಗೆ ಆಸ್ಪತ್ರೆ, ಔಷಧ, ಆಕ್ಸಿಜನ್ ಯಂತ್ರ ಎಲ್ಲವೂ ಕಂಪನಿಯ ಖರ್ಚಿನಲ್ಲಿ. ಆದರೆ ಬಾಯಿಮಾತು ನಡೆಯದು, ಆವಾಗ ಬರೆದ ಕಾಗದವೇ ಬೇಕು. ಸಮಿತಿ ಕೂರುವುದಕ್ಕೆ ಇನ್ನೂ ಒಂದು ವರ್ಷ ಇತ್ತು. ಮರಳು ಎಂಬುದನ್ನು ತಾವು ಕಣ್ಣಲ್ಲಿ ಕಂಡದ್ದೇ ಇಲ್ಲ ಎಂದಿತು ಕಂಪನಿ. ಹಾಗೆನ್ನುತ್ತಲೇ, ಹಾಜರಿ ಪುಸ್ತಕ ಎಲ್ಲಿದ್ದರೂ ಅದು ಕಂಪನಿಯ ಸ್ವತ್ತು, ಇಟ್ಟುಕೊಂಡವರು ಕಳ್ಳರು ಎಂದು ದೂರು ಕೊಟ್ಟು, ಪೊಲೀಸರನ್ನು ಮುಂದಿಟ್ಟುಕೊಂಡು ಮನೆಮನೆಯ ಬೀರು ತೆಗೆಸತೊಡಗಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ.

ಆಗ ಕನ್ನಡಕದ ಮೇಡಂ ಬಂದಳು. ಪಕ್ಕದ ಬೀದಿಯ ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುವವಳು, ಸತ್ತವರಲ್ಲಿ ಒಬ್ಬಳ ಅಕ್ಕ. ಊಟದ ಡಬ್ಬಿಯಷ್ಟಗಲದ ಕಪ್ಪು ಪೆಟ್ಟಿಗೆಯೊಂದನ್ನು ಎಣ್ಣೆಮಾವನ ಮುಂದಿಟ್ಟಳು.

"ಇಂಥದ್ದು ಮನೆಗೊಂದು ಇರುತ್ತೆ ಮಾವ. ನೀವು ಏನಾದ್ರೂ ಇದಕ್ಕೆ ಕೊಟ್ರೆ ಅದು ಚೂರುಚೂರಾಗಿ ಎಲ್ಲರ ಪೆಟ್ಟಿಗೆಗೂ ಹೋಗಿ ಕೂರುತ್ತೆ. ಬೇಕಾದಾಗ ಫೋನಿನಲ್ಲಿ ಪುಟದ ನಂಬರು ಒತ್ತಿ ಕೇಳಿದ್ರೆ ಮತ್ತೆ ಕಣ್ಣಮುಂದೆ ಬರುತ್ತೆ. ಯಾರು ಕೊಟ್ಟಿದ್ದು, ಯಾರ ಹತ್ರ ಇದೆ, ಯಾರಿಗೂ ತಿಳಿಯಲ್ಲ. ಕೊಟ್ಟ ತಾರೀಕು ಮಾತ್ರ ಅಚ್ಚಾಗಿರುತ್ತೆ, ಅದನ್ನ ತಿದ್ದೋಕಾಗಲ್ಲ. ಇದನ್ನ ಸಮಿತಿ ಒಪ್ಪುತ್ತೆ, ಕೇಳಿಕೊಂಡು ಬಂದಿದ್ದೀನಿ."

"ಇದರ ಯಜಮಾನ ಯಾರು?"

"ಯಾರೂ ಇಲ್ಲ. ಯಾರು ಬೇಕಾದ್ರೂ ಒಂದು ಪೆಟ್ಟಿಗೆ ಇಟ್ಕೊಂಡು ಸೇರಬಹುದು, ಅದೇ ಇದರ ಚೆಂದ. ಯಾರ ಮನೆ ಬಾಗಿಲು ಬಡಿದ್ರೂ ಪ್ರಯೋಜನ ಇಲ್ಲ."

ಎಣ್ಣೆಮಾವ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಒಂದು ಸ್ಕ್ರೂ ಕೂಡ ಹೊರಗೆ ಕಾಣದ ವಸ್ತುವಿನ ಮೇಲೆ ಅವನಿಗೆ ಸಹಜವಾಗಿಯೇ ಅನುಮಾನ. "ದುಡ್ಡೇ ದೊಡ್ಡಪ್ಪ ಅಂತಾರಲ್ಲಮ್ಮ. ನಾಳೆ ದುಡ್ಡಿರೋನು ಬಂದು ಇದನ್ನೂ ಕೊಂಡ್ಕೊಂಡ್ರೆ?"

ಮೇಡಂ ನಕ್ಕಳು. "ಯಾರ ಹತ್ರ ಕೊಳ್ತಾನೆ ಮಾವ? ಇಲ್ಲಿ ಎಲ್ಲರೂ ಒಂದೇ ಜಗಲಿ ಮೇಲೆ ಕೂತೋರು. ದೊಡ್ಡೋನಿಗೆ ಬೇರೆ ಕುರ್ಚಿ ಇಲ್ಲ."

ಅಂದಿನಿಂದ ಕೇರಿಯವರ ಬಾಯಲ್ಲಿ ಅದರ ಹೆಸರು ಜಗಲಿ. ಮಿಷನ್ನು ರಿಪೇರಿಯ ನೆಪದಲ್ಲಿ ಎಣ್ಣೆಮಾವ ನೂರ ಅರವತ್ತು ಮನೆಗಳಲ್ಲಿ ಪೆಟ್ಟಿಗೆ ಇಟ್ಟ, ಹೊಲಿಗೆ ಮೇಜಿನ ಡ್ರಾಯರಿನ ಹಿಂದೆ, ಕತ್ತರಿಸಿದ ಬಟ್ಟೆಯ ಗಂಟಿನ ಕೆಳಗೆ. ಅವನ ಜನ್ಮದಲ್ಲಿ ಅಷ್ಟು ಹೆಮ್ಮೆಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಕನ್ನಡಕದ ಮೇಡಂ ಪುಸ್ತಕದ ಒಂದೊಂದೇ ಪುಟದ ಫೋಟೋ ತೆಗೆದು ಜಗಲಿಗೆ ಹಾಕಿದಳು. ನಲವತ್ತೂ ಸರಿಯಾಗಿ ಬಂದಿವೆಯೆಂದು ನೋಡಿ, ಪೊಲೀಸರ ಕೈಗೆ ಸಿಕ್ಕೀತೆಂದು ಫೋನಿನಲ್ಲಿದ್ದದ್ದನ್ನು ಅಳಿಸಿದಳು. ಮಾರನೆಯ ದಿನ ಬೆಳಿಗ್ಗೆ ಬೀದಿಯ ಆ ತುದಿಯಲ್ಲಿ ಪೊಲೀಸ್ ಜೀಪು ಕಂಡಾಗ, ಎಣ್ಣೆಮಾವ ತಂಗಿಯ ಪುಸ್ತಕವನ್ನು ಹರಿದು ಹರಿದು ಒಲೆಗೆ ಹಾಕಿದ. ಚೂಟಿ ಪಕ್ಕದಲ್ಲೇ ನಿಂತಿದ್ದಳು. "ನೂರಾರು ಮನೇಲಿದೆ ಬಿಡೇ," ಎಂದ. "ಇನ್ನು ಇದನ್ನ ಯಾರಪ್ಪನೂ ಸುಡೋಕಾಗಲ್ಲ." ಜೀಪಿನವರು ಬಂದು ಬೀರು ಕೆದಕಿ, ಅಕ್ಕಿಯ ಡಬ್ಬದಲ್ಲಿ ಕೈ ಆಡಿಸಿ, ಬರಿಗೈಯಲ್ಲಿ ಹೋದರು.

ಆ ಮೇಲೆ ಅವನು ಮನೆಮನೆಗೆ ಒಂದು ಮಾತು ಹೇಳಿ ಬಂದ. ಬದುಕಿದ್ದ ಹೆಂಗಸರು ಹದಿನೈದು, ಅವರ ಅಕ್ಕ ತಂಗಿ ಅತ್ತೆ ನಾದಿನಿಯರು ನೂರಾರು. ಎಲ್ಲರಿಗೂ ಒಂದೇ ತಾಕೀತು. "ಪುಸ್ತಕ ಭದ್ರವಾಗಿದೆ. ಸುಮ್ಮಸುಮ್ಮನೆ ತೆಗೆದು ನೋಡಬೇಡಿ. ಇದೂ ಒಂದು ಮಿಷನ್ನೇ, ಮುಟ್ಟಿದಷ್ಟೂ ಸವೆಯುತ್ತೆ. ಸಮಿತಿ ದಿನ ತೆಗೆಯೋಣ." ಬೇರೆ ಯಾರು ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ. ಆದರೆ ಇವನು ಮುಟ್ಟಬೇಡ ಎಂದ ಮಿಷನ್ನನ್ನು ಮುಟ್ಟಿ ಕೆಡಿಸಿಕೊಂಡ ಅನುಭವ ಒಬ್ಬೊಬ್ಬಳಿಗೂ ಇತ್ತು. ಯಾರೂ ಮುಟ್ಟಲಿಲ್ಲ.

ಒಮ್ಮೆ ಒಬ್ಬ ಮುದುಕಿ ತನ್ನ ಸೊಸೆಯ ಪುಟವನ್ನು ಒಂದು ಸಲ ನೋಡುತ್ತೇನೆ ಎಂದದ್ದಕ್ಕೆ, "ಅಜ್ಜೀ, ಇಟ್ಟ ದುಡ್ಡು ದಿನಾ ಎಣಿಸಿದ್ರೆ ಮರಿ ಹಾಕುತ್ತಾ?" ಎಂದು ಬಾಯಿ ಮುಚ್ಚಿಸಿದ್ದ.

ವರ್ಷ ಕಳೆಯುತ್ತ ಬಂತು. ಚೂಟಿ ಈಗ ಒಂದೇ ಕಡೆ ಕೂರುವುದನ್ನು ಕಲಿತಿದ್ದಳು. ಬಾಗಿಲಿನಿಂದ ನಲ್ಲಿಗೆ ಹೋಗಿ ಬರಲು ನಡುವೆ ಎರಡು ಸಲ ಗೋಡೆ ಹಿಡಿಯಬೇಕಿತ್ತು. ಜಗಲಿಯಲ್ಲಿ ಏನೇನೋ ತುಂಬಿಕೊಳ್ಳುತ್ತಿದೆ ಎಂದು ಹೆಂಗಸರು ಗೊಣಗಿದರು. ಎತ್ತ ನೋಡಿದರೂ ಪ್ಯಾಂಟಿನ ಚಿತ್ರಗಳು, ಹಾಡುಗಳು, ಹಲ್ಲು ಕಿಸಿಯುವ ಜೋಕುಗಳು, ಮರಳಿಲ್ಲದೆ ಬಟ್ಟೆ ಮಾಸಿಸುವ ಕಾರ್ಖಾನೆಯ ಗುಣಗಾನ. ಹೇಳಿದವರ ಹೆಸರಿಲ್ಲ, ಊರಿಲ್ಲ. ಎಣ್ಣೆಮಾವ ತಲೆ ಕೆಡಿಸಿಕೊಳ್ಳಲಿಲ್ಲ. ಜಗಲಿ ಎಂದ ಮೇಲೆ ಹರಟೆ ಇದ್ದದ್ದೇ.

ಸಮಿತಿ ಕೂರಲು ಹತ್ತು ದಿನ ಇದ್ದಾಗ, ಊರಾಚೆಯ ಗೋದಾಮಿನ ಕಾವಲುಗಾರನ ಹೆಂಡತಿಯ ಮಿಷನ್ನಿನ ಬೆಲ್ಟು ಹರಿದಿದೆ ಎಂದು ಕರೆ ಬಂತು. ಗೋದಾಮಿಗೇ ಒರಗಿಕೊಂಡಿದ್ದ ಒಂದು ತಗಡಿನ ಮನೆ. ಬೆಲ್ಟು ಹಾಕುತ್ತ ಕೂತವನಿಗೆ ಗೋಡೆಯಾಚೆಯಿಂದ ಸೆಖೆ ಹೊಡೆಯುತ್ತಿತ್ತು, ಜೊತೆಗೆ ಜೇನುಗೂಡಿನಂಥ ಗುಂಯ್ ಸದ್ದು.

"ಒಳಗೇನಪ್ಪ ಅದು?"

"ಬಂದು ನೋಡು ಮಾವ," ಎಂದು ಕಾವಲುಗಾರ ಬಾಗಿಲು ಸ್ವಲ್ಪ ಸರಿಸಿದ. ನೆಲದಿಂದ ಸೂರಿನವರೆಗೆ ಕಬ್ಬಿಣದ ಅಟ್ಟ, ಅಟ್ಟದ ತುಂಬ ಅದೇ ಕಪ್ಪು ಪೆಟ್ಟಿಗೆಗಳು, ಒಂದೊಂದರ ಮೂತಿಯಲ್ಲಿ ಮಿಣಮಿಣ ಹಸಿರು ದೀಪ. ಸಾಲು ಎಣಿಸುತ್ತ ಹೋದರೆ ಕೊನೆ ಕಾಣದು. "ಹತ್ತು ಸಾವಿರ ಇವೆಯಂತೆ. ಒಳಗೆ ಒಂದು ನರಪಿಳ್ಳೆ ಇಲ್ಲ. ಒಂದನ್ನೊಂದು ಕೇಳ್ಕೊಂಡು, ಒಂದಕ್ಕೊಂದು ಹೇಳ್ಕೊಂಡು, ಅವಷ್ಟಕ್ಕೆ ಅವು ಮಾತಾಡ್ತಿರ್ತವೆ. ಪ್ಯಾಂಟಿನ ಕಂಪನಿಯವರು ಬಾಡಿಗೆ ಹಿಡಿದಿದ್ದಾರೆ."

ಹೇಳಲು ನಾಚಿಕೆಯಾಗುವ ಮಾತು, ಆದರೆ ಎಣ್ಣೆಮಾವನಿಗೆ ಆ ಗಳಿಗೆಯಲ್ಲಿ ಸಂತೋಷವೇ ಆಯಿತು. ಹತ್ತು ಸಾವಿರ ಪೆಟ್ಟಿಗೆ! ತಂಗಿಯ ಪುಸ್ತಕ ಬಚ್ಚಿಡಲು ಇನ್ನೂ ಹತ್ತು ಸಾವಿರ ಜಾಗ, ಅದೂ ವೈರಿಯ ಮನೆಯಲ್ಲೇ! ನಗುತ್ತಲೇ ಹೋಗಿ ಕನ್ನಡಕದ ಮೇಡಂಗೆ ಹೇಳಿದ. ಅವಳು ನಗಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಒಂದನೇ ಪುಟ ಕೇಳಿದಳು. ಬರಲಿಲ್ಲ. ಎರಡನೆಯದು ಬರಲಿಲ್ಲ. ಹದಿನೇಳನೆಯದನ್ನು ಮೂರು ಸಲ ಕೇಳಿದಳು.

"ಅಳಿಸಿಬಿಟ್ರಾ?" ಎಂದ ಎಣ್ಣೆಮಾವ.

"ಇಲ್ಲಿ ಯಾರೂ ಏನನ್ನೂ ಅಳಿಸೋಕಾಗಲ್ಲ ಮಾವ. ಆದ್ರೆ ಪೆಟ್ಟಿಗೇಲಿ ಜಾಗ ಇಷ್ಟೇ ಅಂತ ಇರುತ್ತಲ್ಲ. ತುಂಬಿದಾಗ, ಯಾವುದನ್ನ ತುಂಬಾ ದಿನದಿಂದ ಯಾರೂ ಕೇಳಿಲ್ವೋ ಅದನ್ನ ಮೊದಲು ಬಿಡುತ್ತೆ. ಜನಕ್ಕೆ ಬೇಕಾದ್ದು ತಾನಾಗೇ ಉಳಿಯಲಿ ಅಂತ ಮಾಡಿರೋ ನಿಯಮ. ಒಳ್ಳೆಯ ನಿಯಮ ಅಂತಲೇ ನಾನೂ ತಿಳ್ಕೊಂಡಿದ್ದೆ. ಆ ಹತ್ತು ಸಾವಿರ ಪೆಟ್ಟಿಗೆ ಹಗಲೂ ರಾತ್ರಿ ಒಂದರ ಕಸ ಇನ್ನೊಂದು ಕೇಳ್ತಾ ಇವೆ. ಅವೆಲ್ಲ ಒಬ್ಬನದೇ ಅಂತ ಜಗಲಿಗೆ ಹೆಂಗೆ ಗೊತ್ತಾಗಬೇಕು? ಇಲ್ಲಿ ಯಾರಿಗೂ ಮುಖ ಇಲ್ಲ. ಮುಖ ಇಲ್ಲದ ಮೇಲೆ ತಲೆ ಎಣಿಸೋದು ಹೆಂಗೆ? ಒಬ್ಬ ಹತ್ತು ಸಾವಿರ ಜನರಾಗಿ ಬಂದು ಕೂತಿದ್ದಾನೆ."

"ಮತ್ತೆ ನಮ್ಮೋರು? ನಾವೂ ನೂರಾರು ಜನ ಇದ್ದೀವಲ್ಲ?"

ಅವಳು ಮುಖ ತಿರುಗಿಸಿಕೊಂಡಳು. "ನಮ್ಮೋರು ಕೇಳಲೇ ಇಲ್ಲ ಮಾವ. ದಿನಕ್ಕೊಂದು ಸಲ ಒಬ್ಬೊಬ್ಬರು ಒಂದೊಂದು ಪುಟ ಕೇಳಿದ್ರೂ ಸಾಕಿತ್ತು. ನೀವು ಕೇಳಬೇಡಿ ಅಂತ ಹೇಳಿ ಬಂದಿದ್ದು ನನಗೆ ಗೊತ್ತಿರಲಿಲ್ಲ. ನನ್ನ ತಪ್ಪೂ ಇದೆ. ಈ ನಿಯಮ ನಾನು ಬಿಡಿಸಿ ಹೇಳಬೇಕಿತ್ತು. ಇಷ್ಟು ಜನ ಇದ್ದಾರೆ, ಕೇಳೋರು ಕೇಳ್ತಾರೆ ಅಂದ್ಕೊಂಡೆ."

ಓಡಿಸದೆ ಬಿಟ್ಟ ಮಿಷನ್ನೂ ಎಣ್ಣೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಎಂಬುದು ಎಣ್ಣೆಮಾವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇರೆಯವರ ಮಿಷನ್ನಿಗಾಗಿದ್ದರೆ ಆ ಮಾತೂ ನೆನಪಾಗುತ್ತಿತ್ತೇನೋ. ತನ್ನದು ಎಂದಾಗ ಮನುಷ್ಯನಿಗೆ ಮುಚ್ಚಿಡುವ ಬುದ್ಧಿಯೊಂದೇ ಹೊಳೆಯುತ್ತದೆ.

ಮೇಡಂ ಒಂದೊಂದೇ ಸಂಖ್ಯೆ ಒತ್ತುತ್ತ ಹೋದಳು. ಮೂವತ್ತೊಂಬತ್ತರವರೆಗೆ ಏನೂ ಇಲ್ಲ. ನಲವತ್ತನೆಯದು ಒತ್ತಿದ್ದೇ ತಡ, ಪುಟ ಕಣ್ಣಮುಂದೆ ಬಂದು ನಿಂತಿತು.

"ಅಯ್ಯೋ, ಇದೊಂದಿದೆ!" ಎಂದಳು. "ಇದನ್ನ ಮಾತ್ರ ಯಾರೋ ದಿನಾ ಕೇಳಿದ್ದಾರೆ. ಯಾರೋ ಏನೋ, ಅದು ತಿಳಿಯೋ ಹಾಗಿಲ್ಲ."

ಎಣ್ಣೆಮಾವನಿಗೆ ತಿಳಿದಿತ್ತು. ಅದು ತಂಗಿ ತನ್ನ ಬಗ್ಗೆ ತಾನೇ ಬರೆದುಕೊಂಡ ಕೊನೆಯ ಪುಟ. 'ಹಾಜರಿ ಬರೆಯುವವಳು. ಪೈಪು ಇಲ್ಲ. ಬಾಗಿಲ ಪಕ್ಕ ಕುರ್ಚಿ. ಹನ್ನೊಂದು ವರ್ಷ. ಕೆಮ್ಮು ಎರಡು ವರ್ಷದಿಂದ.' ಅಂದು ಪೆನ್ನು ಸರಿಯಾಗಿ ಬರೆಯುತ್ತಿರಲಿಲ್ಲವೇನೋ, ಪುಟದ ಮೂಲೆಯಲ್ಲಿ ಗೀಚಿ ನೋಡಿದ್ದಳು. ಪೆನ್ನು ಪರೀಕ್ಷಿಸಲು ಎಲ್ಲರೂ ತಮ್ಮ ಹೆಸರು ಬರೆಯುತ್ತಾರೆ. ಅವಳು ಬರೆದದ್ದು ಅಣ್ಣ, ಅಣ್ಣ, ಅಣ್ಣ ಎಂದು. ಊರಿಗೆಲ್ಲ ಮುಟ್ಟಬೇಡಿ ಎಂದು ಹೇಳಿ ಬಂದವನು ತಾನು ಮಾತ್ರ ಪ್ರತಿದಿನ ಬೆಳಿಗ್ಗೆ, ತಗಡಿನ ಪೆಟ್ಟಿಗೆ ಬಗಲಿಗೆ ಹಾಕಿಕೊಳ್ಳುವ ಮೊದಲು, ಆ ಪುಟವನ್ನು ಫೋನಿನಲ್ಲಿ ತರಿಸಿ ಒಂದು ಗಳಿಗೆ ನೋಡುತ್ತಿದ್ದ. ಒಂದು ಪುಟ ಒಬ್ಬನೇ ನೋಡಿದರೆ ಎಷ್ಟು ಸವೆದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು.

ಸಮಿತಿಯ ದಿನ ಚೂಟಿಯನ್ನು ಆಟೋದಲ್ಲಿ ಕರೆದೊಯ್ದು, ಮೆಟ್ಟಿಲಿದ್ದ ಕಡೆ ಕುರ್ಚಿ ಸಮೇತ ಎತ್ತಿ, ಕೊನೆಯ ಬೆಂಚಿನಲ್ಲಿ ಕೂರಿಸಿದ. ಅಧ್ಯಕ್ಷರು ಕೆಟ್ಟವರಲ್ಲ. ನಲವತ್ತನೇ ಪುಟದ ತಾರೀಕನ್ನು ಎರಡೆರಡು ಸಲ ಪರೀಕ್ಷಿಸಿ, ಕೋಣೆ ಇತ್ತು ಎಂಬುದನ್ನು ಒಪ್ಪುತ್ತೇವೆ ಎಂದರು.

"ಒಳಗೆ ನಿಂತವರು ಯಾರು ಅನ್ನೋದಕ್ಕೆ?"

"ಬೇರೆ ಪುಟ ಉಳಿದಿಲ್ಲ ಸ್ವಾಮಿ," ಎಂದ ಎಣ್ಣೆಮಾವ.

"ಈ ಪುಟದಲ್ಲಿರೋ ಹೆಂಗಸು ಬಂದಿದ್ದಾರಾ?"

"ತೀರಿಕೊಂಡಳು. ನನ್ನ ತಂಗಿ."

ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು. ಎದುರಿಗೆ ಕೂತ ಕಂಪನಿಯ ವಕೀಲ ಎದ್ದು, ನಮ್ಮ ಕಕ್ಷಿದಾರರು ಒಂದಕ್ಷರವನ್ನೂ ಅಳಿಸಿಲ್ಲ, ಎಲ್ಲರ ಹಾಗೆ ಅವರೂ ನಾಲ್ಕು ಪೆಟ್ಟಿಗೆ ಇಟ್ಟುಕೊಂಡಿದ್ದಾರೆ, ಅದು ಯಾವ ಕಾನೂನಿಗೂ ವಿರುದ್ಧವಲ್ಲ ಎಂದ. ನಿಜವೇ. ಕಳ್ಳತನವಿಲ್ಲ, ಬೆಂಕಿ ಇಲ್ಲ, ಒಂದು ಕೆಟ್ಟ ಮಾತೂ ಇಲ್ಲ. ಎಲ್ಲರಿಗೂ ಸಮನಾದ ಜಾಗದಲ್ಲಿ ಸ್ವಲ್ಪ ಹೆಚ್ಚು ಜಾಗ ಹಿಡಿದು ಕೂತರು, ಅಷ್ಟೇ. ಹದಿನೈದು ಅರ್ಜಿಗಳ ಮೇಲೂ 'ಆಧಾರವಿಲ್ಲ' ಎಂಬ ಮುದ್ರೆ ಬಿತ್ತು. ಚೂಟಿಯದು ಒಂಬತ್ತನೆಯದು.

ಮನೆಗೆ ಬಂದು ಅವಳನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟ.

"ಮಾವ," ಎಂದಳು. "ಅಮ್ಮನ ಪುಟ ಒಂದೇ... ಹೆಂಗೆ ಉಳೀತು?"

ಗೊತ್ತಿಲ್ಲ ಎನ್ನಬಹುದಿತ್ತು. ಜಗಲಿಯಲ್ಲಿ ಕೇಳಿದವರು ಯಾರೆಂದು ದೇವರಿಗೂ ತಿಳಿಯದು, ಅವನು ಬಾಯಿ ಬಿಡದಿದ್ದರೆ ಅದು ಅವನ ಜೊತೆಗೇ ಮಣ್ಣಾಗುತ್ತಿತ್ತು. ಎಣ್ಣೆಮಾವ ಅವಳ ಕಾಲಬಳಿ ನೆಲದ ಮೇಲೆ ಕೂತ.

"ನಾನು ದಿನಾ ನೋಡ್ತಿದ್ದೆ ಕಣೇ. ಅವಳ ಅಕ್ಷರ... ನೋಡ್ಬೇಕು ಅನ್ನಿಸ್ತಿತ್ತು."

ಚೂಟಿಯ ಮಾತು ತುಂಡುತುಂಡಾಗಿ, ಒಂದೊಂದು ತುಂಡಿಗೂ ಒಂದೊಂದು ಉಸಿರು ತೆಗೆದುಕೊಂಡು ಹೊರಗೆ ಬಂತು.

"ಸತ್ತೋಳನ್ನ... ದಿನಾ ಕೇಳಿದ್ರಿ. ಬದುಕಿರೋಳನ್ನ... ಕೇಳಬೇಡಿ ಅಂತ... ಊರಿಗೆಲ್ಲ ಹೇಳಿ ಬಂದ್ರಿ."

ಅಷ್ಟರಲ್ಲಿ ಅವಳಿಗೆ ಕೆಮ್ಮು ಒತ್ತರಿಸಿ ಬಂತು. ಮೊದಲು ಕುರ್ಚಿಯ ಕೈ ಹಿಡಿದಳು, ಆಮೇಲೆ ಕಿಟಕಿಯ ಸರಳು ಹಿಡಿದಳು. ಎಣ್ಣೆಮಾವ ಎದ್ದು, ಅವಳ ಬೆನ್ನ ಮೇಲೆ ಅಂಗೈ ಇಟ್ಟು, ಅವಳ ತಾಯಿಗೆ ಮಾಡುತ್ತಿದ್ದಂತೆ ಮೇಲಿನಿಂದ ಕೆಳಗೆ ಮೆಲ್ಲನೆ ಸವರತೊಡಗಿದ. ಅವಳು ಆ ಕೈಯನ್ನು ತಳ್ಳಲಿಲ್ಲ. ತಳ್ಳುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ.